ಹೊಸ ಲೆಕ್ಕದ ಗಂಡ, ಹಳೆ ಲೆಕ್ಕದ ಹೆಂಡತಿ

ನಮ್ಮ ಮನೆಯಲ್ಲಿ ಪಿಂಚಣಿ ಪಡೆಯುವವರು ಇಬ್ಬರು. ಆದರೆ ಆ ಪಿಂಚಣಿ ಒಂದೇ ಬಗೆಯದಲ್ಲ. ಸಕಲ ದುಃಖಗಳಿಗೂ ಮೂಲ ಇದೇ.

ನನ್ನ ಧರ್ಮಪತ್ನಿ ಮನೋರಮಾ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು. ಅವಳಿಗೆ ಹಾಕಿದ ಹಾರ ಬಾಡುವಷ್ಟರಲ್ಲಿ ಸರ್ಕಾರ ವೇತನವನ್ನು ಪರಿಷ್ಕರಿಸಿತು. ಒಂದು ದಿನಾಂಕವನ್ನು ಗೊತ್ತುಮಾಡಿ, ಅದರ ನಂತರ ನಿವೃತ್ತರಾದವರಿಗೆ ಹೊಸ ಲೆಕ್ಕ, ಮೊದಲೇ ನಿವೃತ್ತರಾದವರಿಗೆ ಹಳೆಯ ಲೆಕ್ಕ ಎಂದು ಗೆರೆ ಎಳೆಯಿತು. ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಬೋಧಿಸುತ್ತಿದ್ದ ನಾನು, ನನ್ನ ಕಡೆಯಿಂದ ಯಾವ ಸಾಹಸವನ್ನೂ ಮಾಡದೆ, ಕೇವಲ ಅವಳಿಗಿಂತ ಸ್ವಲ್ಪ ತಡವಾಗಿ ಹುಟ್ಟಿದ ಪುಣ್ಯದಿಂದ ಆ ಗೆರೆಯ ಸುಖದ ಬದಿಗೆ ಬಿದ್ದೆ.

ಅಂದಿನಿಂದ ಸಾಸ್ತಾನದ ನಮ್ಮ ಮನೆಯ ಸಮಸ್ತ ದುಡಿಮೆಯೂ ಆ ದಿನಾಂಕದ ಆಧಾರದ ಮೇಲೆಯೇ ಹಂಚಿಕೆಯಾಗುತ್ತಿದೆ.

"ಹ್ವಾಯ್, ಯಾರೋ ಬಾಗ್ಲ್ ಬಡಿತಿದ್ರ್ ಕಾಣಿ. ಹೊಸ ಲೆಕ್ಕದವ್ರ್ ಏಳ್ಲಿ."

"ನೀನೇ ಬಾಗ್ಲ್ ಹತ್ರ ಕೂಕಂಡಿದ್ಯಲೆ."

"ಹಳೆ ಲೆಕ್ಕದವ್ರಿಗೆ ಗಂಟ್ ನೋವ್. ಸರ್ಕಾರ ಕೊಡು ಪಿಂಚಣಿಗೆ ಇಷ್ಟೇ ಏಳುದ್."

ಅವಳ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಹಾಜರಿ ಪುಸ್ತಕಕ್ಕೆ ಗೆರೆ ಹಾಕುವುದನ್ನು ಯಾರಿಗೆ ಇವಳು ಕೈಹಿಡಿದು ಕಲಿಸಿದ್ದಳೋ, ಆ ಚೇತನಾ ಟೀಚರು ಅದೇ ಶಾಲೆಯ ಅದೇ ಕುರ್ಚಿಯಿಂದ, ಗೆರೆ ದಾಟಿದ ಮೇಲೆ ನಿವೃತ್ತರಾಗಿ, ಇವಳಿಗಿಂತ ಹೆಚ್ಚು ಪಡೆಯುತ್ತಿದ್ದಾರೆ. "ದುಡ್ಡಿನ್ ಪ್ರಶ್ನೆ ಅಲ್ಲ. ನಾನ್ ಮಾಡಿದ್ ಕೆಲ್ಸ ಅರ್ಧ ಕೆಲ್ಸವಾ?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. (ಉತ್ತರವಿದ್ದಾಗಲೂ ನಾನು ಹೇಳುವವನಲ್ಲ. ವೃತ್ತಿಯಿಂದ ಅಧ್ಯಾಪಕನಾದರೂ ಪ್ರವೃತ್ತಿಯಿಂದ ನಾನು ಮೌಖಿಕ ಇತಿಹಾಸದ ಸಂಗ್ರಾಹಕ. ಹಿರಿಯರ ಎದುರು ಧ್ವನಿಮುದ್ರಣ ಯಂತ್ರವನ್ನಿಟ್ಟು, ನಡುವೆ ಬಾಯಿ ಹಾಕದೆ, ಅವರು ಹೇಳಿ ಮುಗಿಸುವ ತನಕ ಕೇಳುವುದೇ ಈ ಶಾಸ್ತ್ರದ ಮೊದಲ ನಿಯಮ. ಈ ಸಂಯಮವನ್ನು ನನಗೆ ವಿಶ್ವವಿದ್ಯಾನಿಲಯ ಕಲಿಸಿತೆಂದು ವಿದ್ವಾಂಸರು ನಂಬಿದ್ದಾರೆ. ಕಲಿಸಿದ್ದು ವಿವಾಹ.)

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲ್ಲೂಕುಗಳ ಹಳೆ ಲೆಕ್ಕದವರು ಸೇರಿ ನಿವೃತ್ತ ನೌಕರರ ಸಂಘದ ಮೂಲಕ ಹೋರಾಟಕ್ಕಿಳಿದರು. ಅಧ್ಯಕ್ಷರು ಕುಂಭಾಶಿಯ ಗಣಪಯ್ಯನವರು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದವರು, ಬಿಡುವಿನಲ್ಲಿ ಯಕ್ಷಗಾನದ ಭಾಗವತರು. ಮನೋರಮಾ ಕಾರ್ಯದರ್ಶಿ. ನಾನು ಅವಳ ಚೀಲ ಹಿಡಿಯುವವನು, ಅರ್ಥಾತ್ ಗೌರವ ಸದಸ್ಯ.

ನಮ್ಮ ಧರಣಿಗಳ ಕುರಿತು ಹೆಚ್ಚು ಹೇಳಲು ನನಗೂ ಆಯಾಸ. ಕುಂದಾಪುರದ ಸರ್ಕಾರಿ ಕಚೇರಿಯೊಂದರ ಎದುರು ಬಿಸಿಲಲ್ಲಿ ಕೂರುತ್ತಿದ್ದೆವು. ಘೋಷಣೆ ಕೂಗುವ ಹೊತ್ತಿಗೆ ಒಬ್ಬರಿಗೆ ರಕ್ತದೊತ್ತಡದ ಮಾತ್ರೆಯ ಸಮಯವಾಗುತ್ತಿತ್ತು, ಇನ್ನೊಬ್ಬರಿಗೆ ಮೂತ್ರದ ಅವಸರವಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಕಚೇರಿಯ ಅರ್ಧ ಸಿಬ್ಬಂದಿ ನಮ್ಮ ಶಿಷ್ಯರೇ. ಅಧ್ಯಕ್ಷರು "ಧಿಕ್ಕಾರ" ಎನ್ನುತ್ತಿದ್ದಂತೆ ಒಬ್ಬ ಗುಮಾಸ್ತ ಕಿಟಕಿಯಿಂದ ತಲೆ ಹೊರಹಾಕುತ್ತಿದ್ದ, ಮನೋರಮಾ ಮುಷ್ಟಿಯನ್ನು ಮೇಲೆತ್ತಿದ್ದ ಹಾಗೆಯೇ, "ಉಂಡ್ಯಾ ಮಗಾ? ಅಮ್ಮ ಹ್ಯಾಂಗಿದ್ರ್?" ಎನ್ನುತ್ತಿದ್ದಳು. ಇಂಥ ಕ್ರಾಂತಿಯಿಂದ ಯಾವ ಸಿಂಹಾಸನವೂ ಅಲುಗುವುದಿಲ್ಲ.

ಹೀಗಿರುವಾಗ, ಪಿಂಚಣಿದಾರರ ಅಹವಾಲು ಕೇಳಿ ವರದಿ ಕೊಡಲು ಘಟ್ಟದ ಮೇಲಿನಿಂದ ಒಬ್ಬ ಹಿರಿಯ ಅಧಿಕಾರಿ ಸಾಲಿಗ್ರಾಮಕ್ಕೆ ಬರುವರೆಂಬ ಸುದ್ದಿ ಬಂತು. ನಮ್ಮ ಜಗಲಿಯಲ್ಲೇ ಕಾರ್ಯಕಾರಿ ಸಮಿತಿ ಸೇರಿತು.

"ಮನವಿ ಓದಿರೆ ಅವ್ರ್ ನಿದ್ರಿ ಮಾಡ್ತ್ರ್," ಎಂದರು ಗಣಪಯ್ಯ. "ಅವ್ರಿಗೆ ತಾಳಮದ್ದಲೆ ಅಂದ್ರೆ ಜೀವ ಅಂಬ್ರ್. ನಮ್ ಬೇಡಿಕೆಯನ್ನೇ ಒಂದ್ ಪ್ರಸಂಗ ಮಾಡ್ವ. ಪದ ನಾನ್ ಬರಿತೆ. ಹೆಸ್ರ್ 'ಭಂಡಾರಾಸುರ ಗರ್ವಭಂಗ'."

ತಾಳಮದ್ದಲೆಯೆಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಇಬ್ಬರು ಎದುರುಬದುರು ಕುಳಿತು ಪಾತ್ರಗಳಾಗಿ ವಾದಿಸುತ್ತಾರೆ. ಆ ಮಾತುಗಾರಿಕೆಗೆ 'ಅರ್ಥ' ಎಂದು ಹೆಸರು. ಪಿಂಚಣಿದಾರರ ಪರವಾಗಿ ಸೇವಾಧರ್ಮನೆಂಬ ಸಾಧು. ಖಜಾನೆಯ ಪರವಾಗಿ ಭಂಡಾರಾಸುರ. ಸೇವಾಧರ್ಮನಾಗಲು ಇಡೀ ಸಮಿತಿ ಕೈ ಎತ್ತಿತು. ಕೊನೆಗೆ ಮರವಂತೆಯ ಪ್ರೇಮಾನಂದರಿಗೆ ಆ ಪಾತ್ರ ಸಿಕ್ಕಿತು. ಮೀನುಗಾರಿಕೆ ಇಲಾಖೆಯಲ್ಲಿದ್ದವರು, ಅಲೆಯ ಸದ್ದನ್ನು ಮೀರಿ ದೋಣಿಯವರನ್ನು ಕರೆಯಬಲ್ಲ ಕಂಠ. ಭಂಡಾರಾಸುರನಾಗಲು ಮಾತ್ರ ಯಾರೂ ಒಪ್ಪಲಿಲ್ಲ.

"ನಮ್ಮನಿಯವ್ರಿದ್ರಲೆ," ಎಂದಳು ಮನೋರಮಾ, ಒಳಗಿನಿಂದ ಅವಲಕ್ಕಿ ತರುತ್ತ. "ಹ್ಯಾಂಗೂ ಹೊಸ ಲೆಕ್ಕದವ್ರ್. ಸರ್ಕಾರದ್ ಋಣ ಇತ್ತ್."

"ಮೇಷ್ಟ್ರು ಮಾತಾಡುದ್ ನಾನ್ ಕೇಂಡೇ ಇಲ್ಲೆ," ಎಂದರು ಪ್ರೇಮಾನಂದ, ಅನುಮಾನದಿಂದ.

"ಮಾತಾಡೂಕೆ ಅಲ್ಲ, ಸೋಲೂಕೆ," ಎಂದು ಅವಳು ನನ್ನ ಕಡೆ ತಿರುಗಿದಳು. "ಕೇಂಡ್ರ್ಯಾ? ಮನೆಯಗೆ ಮಾಡ್ದಂಗೇ ಮಾಡಿ, ಸಾಕ್."

ಇಲ್ಲಿ ನನ್ನ ವಿಧಿ ಕೆಟ್ಟಿತು. ಸೋಲುವುದಕ್ಕೂ ಒಂದು ಪೂರ್ವಸಿದ್ಧತೆ ಬೇಕೆಂದು ನನ್ನ ಸಂಶೋಧಕ ಬುದ್ಧಿ ಹೇಳಿತು. ಖಜಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ವೃದ್ಧರನ್ನು ಹುಡುಕಿಕೊಂಡು ಬಿಜೂರಿಗೆ ಹೋದೆ. ಯಂತ್ರವನ್ನು ಎದುರಿಗಿಟ್ಟು, ಸರ್ಕಾರದ ಕಷ್ಟವೇನೆಂದು ಕೇಳಿದೆ. ಜೀವಮಾನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವರು ಕಣ್ಣೀರಿಟ್ಟು ಹೇಳಿದರು. ಅದನ್ನು ಕೇಳುತ್ತ ಕೇಳುತ್ತ, ಖಜಾನೆಗೂ ಒಂದು ಹೃದಯವಿದೆಯೆಂದು ನನಗೆ ಮನದಟ್ಟಾಯಿತು. ಜೊತೆಗೆ ಒಂದು ದುರಾಸೆಯೂ ಮೊಳೆಯಿತು: ನಾನು ಮಾತಾಡುತ್ತಿರುವಾಗ ಒಂದು ಸಭೆ ಸುಮ್ಮನೆ ಕೂತು ಕೇಳಲೇಬೇಕಾದ ಸಂದರ್ಭ ಈ ಜನ್ಮದಲ್ಲಿ ಇನ್ನೊಮ್ಮೆ ಬರಲಾರದು.

ಆ ದಿನ ಸಭಾಭವನ ತುಂಬಿತ್ತು. ಅಧಿಕಾರಿಗಳು ಮುಂದಿನ ಸಾಲಿನಲ್ಲಿ, ಹತ್ತಿರವೇ ಮನೋರಮಾ. ಗಣಪಯ್ಯನವರು ಪದ ಎತ್ತಿದರು, ಮದ್ದಲೆ ನುಡಿಯಿತು, ಪ್ರೇಮಾನಂದರು ಗುಡುಗಿದರು:

"ಎಲವೋ ಭಂಡಾರಾಸುರಾ! ನಿನ್ನ ಸೇವೆಯಲ್ಲಿ ಸವೆದ ಈ ಮೊಣಕಾಲುಗಳನ್ನು ನೋಡು! ನೀನು ಎಳೆದ ಗೆರೆಯ ಈಚೆ ನಿಂತೆನೆಂಬ ಮಾತ್ರಕ್ಕೆ ನನ್ನ ಅನ್ನ ಕಿರಿದಾಗಬೇಕೆ?"

ಚಪ್ಪಾಳೆ. ನಾನು ಶಾಲು ಸರಿಪಡಿಸಿಕೊಂಡೆ.

"ಸೇವಾಧರ್ಮಾ, ನಿನ್ನ ಮೊಣಕಾಲುಗಳಿಗೆ ನನ್ನ ನಮಸ್ಕಾರ. ಆದರೆ ಗೆರೆಯಿಲ್ಲದ ರಾಜ್ಯವೊಂದಿದ್ದರೆ ತೋರಿಸು. ಕಡಲಿಗೂ ದಡವೆಂಬ ಗೆರೆಯಿದೆ. ನೀನು ಮರವಂತೆಯ ಮಗ, ಬಲ್ಲವನು. ಹತ್ತಾರು ಕೈ ಸೇರಿ ಎಳೆಯುವ ನಿಮ್ಮ ಕೈರಂಪಣಿ ಬಲೆ ದಡಕ್ಕೆ ಬಂದು, ಮೀನು ಪಾಲು ಮಾಡುವ ಹೊತ್ತಿಗೆ ಅಲ್ಲಿ ನಿಂತವನಿಗಲ್ಲವೆ ಪಾಲು? ಅಲ್ಲಿ ಇಲ್ಲದವನಿಗೆ ನಿನ್ನ ತೀರ್ಥರೂಪರು ಎಂದಾದರೂ ಕೊಟ್ಟದ್ದುಂಟೆ?"

ಪ್ರೇಮಾನಂದರು ಬಾಯಿ ತೆರೆದರು. ಅವರು ಸತ್ಯವಂತರು, ಅದೇ ಅವರ ದೋಷ. ಪಾತ್ರ ಜಾರಿತು.

"ಅದ್... ಕೊಡ್ತಿರ್ಲಿಲ್ಲೆ," ಎಂದರು. ಸ್ವಲ್ಪ ಯೋಚಿಸಿ, "ಮೇಷ್ಟ್ರ್ ಹೇಳಿದ್ದ್ ನ್ಯಾಯವೇ ಕಾಣಿ," ಎಂದು ಸೇರಿಸಿದರು.

ಆಗ ಈ ಕರಾವಳಿಯವರು ಮಾತ್ರ ಮಾಡಬಲ್ಲ ಪ್ರಮಾದವೊಂದು ನಡೆಯಿತು. ಸಭೆಯಲ್ಲಿದ್ದ ಹಳೆ ಲೆಕ್ಕದವರೆಲ್ಲ ತಮ್ಮ ಪಿಂಚಣಿ ಮುಳುಗುತ್ತಿರುವುದನ್ನು ಮರೆತು, ಒಳ್ಳೆಯ ಅರ್ಥ ಕೇಳಿದ ಸಂತೋಷದಲ್ಲಿ ಭರ್ಜರಿ ಚಪ್ಪಾಳೆ ತಟ್ಟಿದರು. ಹಿಂದಿನಿಂದ "ಭಲೇ!" ಎಂಬ ಕೂಗೂ ಬಂತು. ನಾನು ಉಬ್ಬಿದೆ. ಬಿಜೂರಿನ ವೃದ್ಧರು ಹೇಳಿದ್ದೆಲ್ಲವನ್ನೂ ಒಂದೊಂದಾಗಿ ಹೊರತೆಗೆದೆ. ಸೋಲಬೇಕೆಂಬುದು ನೆನಪಾದದ್ದು ಗೆದ್ದು ಮುಗಿದ ಮೇಲೆ.

ಅಧಿಕಾರಿಗಳು ಎದ್ದು ನಿಂತು ಕೈಮುಗಿದರು. "ಗಲಾಟೆ ಇರುತ್ತದೇನೋ ಎಂದು ಹೆದರಿಕೊಂಡೇ ಬಂದಿದ್ದೆ. ಸರ್ಕಾರದ ಕಷ್ಟವನ್ನು ಸಂಘದವರೇ ಇಷ್ಟು ಚೆನ್ನಾಗಿ ವಿವರಿಸಿದಿರಿ. ಇದನ್ನೇ ವರದಿಯಲ್ಲಿ ಬರೆಯುತ್ತೇನೆ."

ಚಪ್ಪಾಳೆ ನಡುವಿನಲ್ಲೇ ತುಂಡಾಯಿತು. ಗಣಪಯ್ಯನವರ ಕೈಯ ತಾಳ ಗಾಳಿಯಲ್ಲೇ ನಿಂತಿತು. ಎಲ್ಲರ ದೃಷ್ಟಿಯೂ ನನ್ನ ಮೇಲೆ.

"ಹ್ವಾಯ್ ಸಾಹೇಬ್ರೇ, ಕೂಕಣಿ," ಎಂಬ ದನಿ ಕೇಳಿತು. "ಮಂಗಳ ಹಾಡುದ್ರೊಳ್ಗೆ ಏಳೂಕಾಗ."

ಅಧಿಕಾರಿಗಳು ತಮಗರಿವಿಲ್ಲದೆಯೇ ಕುಳಿತರು. ತಲೆಮಾರುಗಳನ್ನು ಕೂರಿಸಿದ ದನಿ ಅದು.

"ತಾವು ಯಾರಮ್ಮಾ?"

"ನಾನಾ? ಭಂಡಾರಾಸುರನ ಹೆಂಡ್ತಿ."

ಕಡತದಲ್ಲಿಲ್ಲದ ಯಾವುದಕ್ಕೂ ಶಿರಸ್ತೇದಾರಿಕೆಯಲ್ಲಿ ಅನುಮತಿ ಕೊಡದಿದ್ದ ಗಣಪಯ್ಯನವರು, ಪ್ರಸಂಗದಲ್ಲಿಲ್ಲದ ಆ ಪಾತ್ರಕ್ಕೆ ನಿಂತ ನಿಲುವಿನಲ್ಲಿ ಪದ ಕಟ್ಟಿದರು: "ಬಂದಳಾ ಕ್ಷಣ ಅಸುರರಾಣಿಯು, ನೊಂದು ನುಡಿದಳು ಪತಿಯೊಳು..." ಮದ್ದಲೆಯವರು ಹುರುಪಿನಿಂದ ಪೆಟ್ಟು ಹಾಕಿದರು. ಮನೋರಮಾ ಸೆರಗು ಬಿಗಿದು, ಪ್ರೇಮಾನಂದರನ್ನು ಪಕ್ಕಕ್ಕೆ ಸರಿಸಿ, ನನ್ನೆದುರು ಕುಳಿತಳು.

"ಪ್ರಾಣನಾಥಾ," ಎಂದಳು. ಗ್ರಾಂಥಿಕ ಭಾಷೆ ಅಲ್ಲಿಗೇ ಮುಗಿಯಿತು. "ಎಂತ ಅಂದ್ರಿ ಈಗ? ಪಾಲ್ ಮಾಡುವತಿಗೆ ಇದ್ದವ್ರಿಗೆ ಮಾತ್ರ ಮೀನ್ ಅಂದ್ರಿ ಅಲ್ದಾ?"

"ಹೌದು, ರಾಣಿ."

"ಬಲೆ ಬಿಟ್ಟದ್ದ್ ಯಾರ್?"

"ಸೇವಾಧರ್ಮ."

"ಎಳ್ದದ್ದ್?"

"ಅವನೇ."

"ದಡಕ್ಕ್ ತಂದದ್ದ್?"

"...ಅವನೇ."

"ಅಂಬಗೆ, ಅವ ಕೈ ತೊಳ್ಕಂಬುಕ್ ಹೋದದ್ದ್ ಕಂಡ್ಕಂಡ್, ಈಗ ಪಾಲ್ ಮಾಡ್ವ ಅಂದ್ ಬುಟ್ಟಿ ತಂದದ್ದ್ ಯಾರ್? ಆ ಹೊತ್ತ್ ಗೊತ್ತ್ ಮಾಡಿದ್ದ್ ಯಾರ್?"

"ಥೋ! ಅದೇ!" ಎಂದು ಪ್ರೇಮಾನಂದರು ತೊಡೆ ತಟ್ಟಿಕೊಂಡರು. "ಅದನ್ನೇ ಹೇಳ್ಕಿತ್ತ್ ನಾನ್!"

ಇದಕ್ಕೂ ನನ್ನ ಬಳಿ ಉತ್ತರವಿತ್ತು. ಆದರೆ ಎದುರಿಗಿದ್ದವಳು ರಾಣಿಯಾಗಿರಲಿಲ್ಲ. ನನ್ನ ನಾಲಿಗೆಗೆ ಅಭ್ಯಾಸವೆಂಬುದೊಂದಿದೆ. "ರಾಣಿ, ಭಂಡಾರ ಬರಿದಾಗಿದೆ," ಎಂದಷ್ಟೇ ಕ್ಷೀಣವಾಗಿ ಹೇಳಿದೆ.

"ಬರಿದಾದ್ ಪಾತ್ರಿ ಎಲ್ರಿಗೂ ಬರಿದಾಯ್ಕಲೆ? ಚೇತನಾ ಟೀಚರಿಗ್ ಬಡ್ಸುವತಿಗೆ ತುಂಬಿತ್ತ್, ನಂಗ್ ಬಡ್ಸುವತಿಗೆ ಖಾಲಿಯಾ? ಅದೆಂತ ಪಾತ್ರಿ, ಪ್ರಾಣನಾಥಾ? ಒಂಚೂರ್ ತೋರ್ಸಿ, ಕಾಂಬ!"

"ಹ್ಞೂಂ," ಎಂದೆ.

ಭಂಡಾರಾಸುರನ ಗರ್ವ ಆ ಒಂದಕ್ಷರದಲ್ಲಿ ಭಂಗವಾಯಿತು. ಸಭೆ ಎದ್ದು ನಿಂತಿತು. ಅಧಿಕಾರಿಗಳ ಕಣ್ಣೂ ತೇವವಾಗಿತ್ತೆಂದು ಹೇಳುವವರಿದ್ದಾರೆ. ಅವರು ಜೇಬಿನಿಂದ ಪೆನ್ನು ತೆಗೆದರು.

"ಅಮ್ಮಾ, ಈಗ ನನಗೆ ಸ್ಪಷ್ಟವಾಯಿತು. ನಿಮ್ಮ ಮೂಲ ಬೇಡಿಕೆ ಸಮಾನತೆ. ಒಂದೇ ಕೆಲಸ ಮಾಡಿದವರಲ್ಲಿ ಭೇದ ಇರಬಾರದು, ಅಲ್ಲವೆ?"

"ಇಪ್ಪುಕಾಗ."

"ಹಾಗೆಂದು ಖಂಡಿತ ಬರೆಯುತ್ತೇನೆ. ಆದರೆ ಸಮ ಮಾಡುವುದಕ್ಕೆ ಎರಡು ದಾರಿಗಳಿವೆ. ಹಳೆ ಲೆಕ್ಕದವರನ್ನು ಮೇಲಕ್ಕೇರಿಸಬಹುದು. ಇಲ್ಲವೇ ಹೊಸ ಲೆಕ್ಕದವರನ್ನು ಕೆಳಕ್ಕಿಳಿಸಬಹುದು. ಎರಡನ್ನೂ ಬರೆಯಬೇಕಾಗುತ್ತದೆ. ಸಂಘದ ಆಕ್ಷೇಪಣೆ ಏನಾದರೂ ಇದೆಯೇ?"

ಗಣಪಯ್ಯನವರು ತಾಳ ಅಲ್ಲಾಡಿಸಿ ಸನ್ನೆ ಮಾಡಿದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಮನೋರಮಾ ಕುಂದಾಪುರದ ಸಂತೆಯಲ್ಲಿ ಬದನೆಕಾಯಿಯನ್ನು ನೋಡುವಂತೆ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ಅಡ್ಡಿಲ್ಲೆ," ಎಂದಳು. "ಯಾವ್ ದಾರಿ ಆದ್ರೂ ಅಡ್ಡಿಲ್ಲೆ."

ಮಂಗಳ ಹಾಡಿದರು.

ಮನೆಗೆ ಮರಳುವಾಗ ಕಾರಿನಲ್ಲಿ ನಾನು ಕೇಳಿದೆ, "ಅಲ್ಲ ಮಾರಾಯ್ತಿ, ಇಳ್ಸಿರೆ ಮನಿಗೇ ನಷ್ಟ ಅಲ್ದಾ?"

"ನಷ್ಟ ಹೌದ್," ಎಂದಳು ಅವಳು, ಬಹುಕಾಲದ ನಂತರ ಬಹಳ ಸಮಾಧಾನದ ದನಿಯಲ್ಲಿ. "ಆದ್ರೆ ಸಮ ಇರತ್ತ್."

ಆದೇಶ ಇನ್ನೂ ಬಂದಿಲ್ಲ. ಎರಡು ದಾರಿಗಳಲ್ಲಿ ಖರ್ಚಿಲ್ಲದ ದಾರಿಯೇ ಖಜಾನೆಗೆ ಪ್ರಿಯವಾಗುವ ಲಕ್ಷಣವಿದೆಯೆಂದು ಬಿಜೂರಿನ ವೃದ್ಧರು ದೂರವಾಣಿಯಲ್ಲಿ ತಿಳಿಸಿದ್ದಾರೆ. ನನ್ನ ವಾದವನ್ನು ಬಹುವಾಗಿ ಮೆಚ್ಚಿಯೂ ಇದ್ದಾರೆ. ಹಳೆ ಲೆಕ್ಕದವರನ್ನು ಮೇಲಕ್ಕೇರಿಸದೆ ನನಗೆ ಬೇರೆ ಗತಿಯಿಲ್ಲ. ಹೀಗಾಗಿ ಈಗ ಪ್ರತಿ ಧರಣಿಯಲ್ಲೂ ಎಲ್ಲರಿಗಿಂತ ಮುಂದೆ, ಸುಡು ಬಿಸಿಲಲ್ಲಿ, ಮುಷ್ಟಿ ಎತ್ತಿ ಕೂಗುವವನು ನಾನೇ. ಕಾರ್ಯದರ್ಶಿಯವರು ಹಿಂದೆ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಎಳನೀರು ಹೀರುತ್ತ, ಆಗಾಗ ಮಾರ್ಗದರ್ಶನ ನೀಡುತ್ತಾರೆ:

"ಹ್ವಾಯ್, ಒಂಚೂರ್ ಗಟ್ಟಿ ಕೂಗಿ! ಒಳ್ಗೆ ಕೇಂತಿಲ್ಲೆ!"