ನೀರಿಗೆ ಬಿದ್ದ ನಕ್ಷತ್ರದಾಮೆ

ಭಾವನ ಆಮೆ ತೀರಿಕೊಂಡ ಸುದ್ದಿ ದರ್ಜಿಗೆ ತಿಳಿದದ್ದು ಬೆಳಿಗ್ಗೆ ಮುಖ ತೊಳೆಯಲು ಹೋದಾಗ. ಬಚ್ಚಲಿನ ತೊಟ್ಟಿಯ ತಳದಲ್ಲಿ ಅದು ಕಾಲು ಚಾಚಿ ಮಲಗಿತ್ತು. ಬೆನ್ನ ಮೇಲಿನ ಹಳದಿ ನಕ್ಷತ್ರಗಳಲ್ಲಿ ಅರ್ಧ ಕಳಚಿ ನೀರಿನಲ್ಲಿ ತೇಲುತ್ತಿದ್ದವು.

ಭಾವ ಹೋದ ತಿಂಗಳಷ್ಟೇ ದೇವರ ಪಾದ ಸೇರಿದ್ದರು. "ಅವರದು ಅಂತ ಉಳಿದಿರೋ ಜೀವ ಇದೊಂದೇ ಕಣೋ. ನಾನು ಮನೆ ಬದಲಾಯಿಸೋ ತನಕ ನೋಡ್ಕೋ" ಎಂದು ಅಕ್ಕ ಕಣ್ಣೊರೆಸಿಕೊಂಡು ಒಪ್ಪಿಸಿಹೋಗಿದ್ದಳು. ಇವತ್ತು ಸಂಜೆ ಒಯ್ಯಲು ಬರುವವಳು.

ದರ್ಜಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರ ಬಾಗಿಲು ಬಡಿದ. ಮೇಷ್ಟ್ರಿಗೆ ತಿಳಿಯದ ವಿಷಯ ಲೋಕದಲ್ಲಿರಲಿಲ್ಲ; ಕೇಳದೆಯೇ ಹೇಳುವ ದೊಡ್ಡಗುಣವೂ ಇತ್ತು. ಅವರು ಬಂದು ಆಮೆಯನ್ನು ಮಗುಚಿ ನೋಡಿದರು.

"ಗುಮ್ಮಟದಂಥ ಚಿಪ್ಪು. ಆನೆಗಾಲು. ಬೆರಳ ನಡುವೆ ಪೊರೆಯಿಲ್ಲ. ಅಪ್ಪಟ ನೆಲದಾಮೆ ಕಣಯ್ಯಾ, ಒಣಗುಡ್ಡದ್ದು! ಇದನ್ನ ನೀರಿಗೆ ಹಾಕು ಅಂತ ಯಾವ ಮುಠ್ಠಾಳ ಹೇಳಿದ?"

"ನೀವೇ ಮೇಷ್ಟ್ರೇ. ನಿನ್ನೆ."

"ನಿನ್ನೆ ಅದು ಕಾಲು ತೋರಿಸಿರಲಿಲ್ಲ" ಎಂದರು ಮೇಷ್ಟ್ರು, ತಪ್ಪೆಲ್ಲ ಆಮೆಯದೇ ಎಂಬಂತೆ.

"ನಕ್ಷತ್ರ ಯಾಕೆ ಕಳಚಿದವು?"

"ಪ್ರಾಣ ಹೋದ ಮೇಲೆ ಕಳೆ ನಿಲ್ಲುತ್ತೇನಯ್ಯಾ?"

ಬದಲಿಗೆ ಬೇರೆ ಆಮೆ ಬೇಕು. ನೆಲದಾಮೆ ಬೇಕೆಂದರೆ ಗುಡ್ಡ ಹತ್ತಬೇಕು, ಮೇಷ್ಟ್ರಿಗೆ ಮಂಡಿನೋವು. ಆದ್ದರಿಂದ ಕೆರೆಯೇ ಸರಿ ಎಂದಾಯಿತು. ದರ್ಜಿ ಸೊಂಟದವರೆಗೆ ಕೆಸರಲ್ಲಿ ಹೂತು, ಎರಡು ಸಲ ನೀರು ಕುಡಿದು, ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಆಮೆಯೊಂದನ್ನು ಹಿಡಿದ. ಮೇಷ್ಟ್ರು ದಡದ ನೆರಳಲ್ಲಿ ಕುಳಿತು ಬಹಳ ಕಷ್ಟಪಟ್ಟರು.

"ಚಪ್ಪಟೆ ಚಿಪ್ಪು, ಪೊರೆಗಾಲು. ಕೆರೆಯಾಮೆ. ಇರಲಿ ಬಿಡು, ದುಃಖದಲ್ಲಿರೋರು ಕಾಲು ನೋಡಲ್ಲ."

ಮನೆಗೆ ಬಂದು ಬಣ್ಣ ಕಲಸಿ ಅದರ ಬೆನ್ನಿಗೆ ನಕ್ಷತ್ರ ಬರೆದರು. ನಕ್ಷತ್ರಗಳೇನೋ ಸೊಗಸಾಗಿದ್ದವು. ಆಮೆ ಮಾತ್ರ ಯಾರೋ ಮೇಲೆ ಕೂತೆದ್ದ ಟೋಪಿಯಂತಿತ್ತು.

ಸಂಜೆ ಅಕ್ಕ ಬಂದು ಅದನ್ನು ಎತ್ತಿಕೊಂಡಳು. ಅದು ಗಾಳಿಯಲ್ಲೇ ಈಜತೊಡಗಿತು.

"ಲೋ, ಇದಕ್ಕೆ ಬಾತುಕೋಳಿ ಕಾಲು ಯಾವಾಗ ಬಂತೋ?"

ದರ್ಜಿ ದಬಕ್ಕನೆ ಅವಳ ಕಾಲಿಗೆ ಬಿದ್ದ. "ಅಕ್ಕಾ, ಭಾವನ ಆಮೇನ ನಾನೇ ಕೊಂದುಬಿಟ್ಟೆ!"

ಅಕ್ಕ ಹೋಗಿ ಬಾಗಿಲು ಮುಚ್ಚಿದಳು. "ಮೆಲ್ಲಗೆ ಅಳೋ. ನಿಮ್ಮ ಭಾವನ ಆಮೆ, ಅವರು ತೀರಿಕೊಂಡ ವಾರವೇ ಮೇವು ಬಿಟ್ಟು ಸತ್ತುಹೋಯ್ತು. ನಿನಗೆ ಕೊಟ್ಟಿದ್ದು ನಾನು ಗುಡ್ಡದಿಂದ ಹಿಡಿದು ತಂದ ಬೋಳಾಮೆ. ನಕ್ಷತ್ರ ನನ್ನ ಉಗುರುಬಣ್ಣದ್ದು."

ಮೇಷ್ಟ್ರು ಕೆಮ್ಮಿದರು.

"ಮಗನ ಆಮೆಯನ್ನ ಒಂದ್ಸಲ ಮಡಿಲಲ್ಲಿ ಇಟ್ಕೋಬೇಕು ಅಂತ ನಮ್ಮತ್ತೆ ನಾಳೆ ಬರ್ತಿದ್ದಾರೆ. ಅದೂ ಹೋಯ್ತು ಅಂದ್ರೆ ಆ ಮುದಿಜೀವ ತಡೆಯಲ್ಲ ಕಣೋ. ಏಳು, ಕತ್ತಲಾಗೋ ಮುಂಚೆ ಗುಡ್ಡ ಹತ್ತು. ಈ ಸಲ ಕಾಲು ನೋಡಿ ತಾ."

ಮೇಷ್ಟ್ರಿಗೆ ಆ ಕ್ಷಣವೇ ಎರಡನೆಯ ಮಂಡಿಯೂ ನೋಯತೊಡಗಿತು. ಕೆರೆಯಾಮೆಯನ್ನು ತೊಳೆದು ಬಿಟ್ಟುಬರುವ ಹಗುರ ಕೆಲಸವನ್ನು ವಹಿಸಿಕೊಂಡು ಹೊರಟರು.

ಸತ್ತ ಆಮೆಯನ್ನು ಹಿತ್ತಲಿನ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ, ದರ್ಜಿ ಗುಡ್ಡದ ಕಡೆಗೊಮ್ಮೆ ನೋಡಿ, ಕೈಮುಗಿದ.

"ತಂದೇ, ನಮ್ಮ ಭಾವನಿಗೆ, ಅವರ ಬೆನ್ನಿಗೇ ಹೋದ ಅವರ ಆಮೆಗೆ, ನಮ್ಮ ಮನೆಯ ದುಃಖಕ್ಕೆ ಸಿಕ್ಕಿ ಸತ್ತ ಈ ಬಡಪಾಯಿಗೆ, ಮೂವರಿಗೂ ಶಾಂತಿ ಕೊಡು. ಇದನ್ನು ಮಾತ್ರ ಒಣನೆಲದಲ್ಲೇ ಇಡಪ್ಪಾ."