ಎಕ್ಸ್ ಅಕ್ಷರದ ತಲೆಯ ಮೇಲಿನ ಗೆರೆಗೆ, ನೆನೆದ ಮದುವೆಮನೆಯಿಂದ

ಕೊಟ್ಟಿಗೆಹಾರ
ಏಪ್ರಿಲ್ ೧೯೮೪

ಎಕ್ಸ್ ಎಂಬ ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಅಡ್ಡಲಾಗಿ ಪವಡಿಸಿ, ಅದಕ್ಕೆ ಸರಾಸರಿ ಎಂಬ ಅರ್ಥವನ್ನು ದಯಪಾಲಿಸುತ್ತಿರುವ ಶ್ರೀಮಾನ್ ಗೆರೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂಬುದು ಚಿಕ್ಕಮಗಳೂರಿನಿಂದ ಬರುವ ಮಾಸಪತ್ರಿಕೆಯ ‘ಲೆಕ್ಕದ ಕಟ್ಟೆ’ ಪುಟದಿಂದ ತಿಂಗಳು ತಿಂಗಳೂ ತಿಳಿಯುತ್ತಿದೆ. ಆ ಪುಟಕ್ಕೆ ಓದುಗರು ಅಂಚೆಯಲ್ಲಿ ಪ್ರಶ್ನೆ ಕಳಿಸುತ್ತಾರೆ, ಬಲ್ಲವರು ಉತ್ತರಿಸುತ್ತಾರೆ, ಇನ್ನೂ ಬಲ್ಲವರು ಆ ಉತ್ತರವನ್ನು ತಿದ್ದುತ್ತಾರೆ. ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ಎದುರು ನಿಂತು ಯಾರನ್ನೂ ಏನನ್ನೂ ಕೇಳಲಾರೆನಾದ್ದರಿಂದ, ಕಳೆದ ಡಿಸೆಂಬರಿನಲ್ಲಿ ಆ ಕಟ್ಟೆಗೆ ಒಂದು ಪ್ರಶ್ನೆ ಬರೆದೆ.

ನನ್ನ ಅಕ್ಕ ಜೊಹರಾಳ ನಿಕಾಹ್ ಮಾರ್ಚ್ ತಿಂಗಳಿಗೆ ಗೊತ್ತಾಗಿತ್ತು. ಲಾರಿ ರಿಪೇರಿ ಮಾಡುವ ನಮ್ಮ ಅಬ್ಬ ನಜೀರ್ ಸಾಹೇಬರು ಗ್ಯಾರೇಜಿನ ಮುಂದಿನ ಅಂಗಳದಲ್ಲೇ ಚಪ್ಪರ ಹಾಕಿಸುವುದೆಂದು ನಿಶ್ಚಯಿಸಿದ್ದರು. ಪಕ್ಕದ ಎಸ್ಟೇಟಿನ ಏಕಾಂತಪ್ಪನವರು ಕಾಫಿ ಕಣದ ಟಾರ್ಪಾಲನ್ನು ಚಪ್ಪರದ ಮೇಲೆ ಹೊದಿಸಲು ಕೊಡುತ್ತೇನೆಂದು ತಾವಾಗಿಯೇ ಹೇಳಿದರು. ನಮ್ಮ ಕಡೆ ಎಸ್ಟೇಟಿಗೊಂದು ಮಳೆಮಾಪಕವಿದ್ದು, ಇಂಚಿಗೆ ನೂರು ಸೆಂಟಿನಂತೆ ಮಳೆ ಅಳೆಯುವುದು, ನಿಮ್ಮಲ್ಲಿ ಎಷ್ಟು ಸೆಂಟು ಬಿತ್ತೆಂದು ಕುಶಲ ವಿಚಾರಿಸುವುದು ವಾಡಿಕೆಯೆಂದು ತಾವು ಬಲ್ಲಿರಿ. ಅಬ್ಬ ಏಕಾಂತಪ್ಪನವರನ್ನು ಮಾರ್ಚ್ ತಿಂಗಳ ಮಳೆಯ ಸರಾಸರಿ ಕೇಳಿದರು. ತೊಂಬತ್ತು ಸೆಂಟು ಎಂದು ತಿಳಿಯಿತು. ಕೂಡಲೇ ಅದನ್ನು ತಿಂಗಳ ದಿನಗಳಿಗೆ ಸಮನಾಗಿ ಹಂಚಿಬಿಟ್ಟರು.

“ದಿನಕ್ಕೆ ಮೂರು ಸೆಂಟು ಮಳೆ ಮಾರಾಯ್ರೆ, ಅಷ್ಟಕ್ಕೆ ಕರ್ಚೀಫೂ ಒದ್ದೆಯಾಗೂದಿಲ್ಲ,” ಎಂದು ಟಾರ್ಪಾಲನ್ನು ಬೇಡವೆಂದರು.

ಮಾರ್ಚಿನಲ್ಲಿ ಹೂಮಳೆ ಬೀಳದಿದ್ದರೆ ಕಾಫಿ ಅರಳದೆಂದು ಆಗಲೇ ಚಿಂತೆಗೆ ಬಿದ್ದಿದ್ದ ಏಕಾಂತಪ್ಪನವರು, “ನಜೀರ್ ಸಾಬ್ರೆ, ನೀವು ಬರಬಾರ್ದು ಅಂತ ಕೇಳ್ಕೊಳ್ಳಿ, ನಾನು ಬರ್ಲಿ ಅಂತ ಕೇಳ್ಕೊಳ್ತೇನೆ, ಯಾರ ಅರ್ಜಿ ಪಾಸಾಗ್ತದೆ ನೋಡುವ,” ಎಂದು ನಕ್ಕು ಹೋದರು.

ತಿಂಗಳ ಸರಾಸರಿಯನ್ನು ದಿನಗಳಿಗೆ ಹಂಚಿದರೆ ಮಳೆಯೂ ಹಾಗೆಯೇ ಹಂಚಿಕೊಂಡು ಬೀಳುತ್ತದೆಯೇ, ಇದೇ ನಾನು ಕಟ್ಟೆಯಲ್ಲಿ ಕೇಳಿದ್ದು.

ಜನವರಿಯ ಸಂಚಿಕೆಯಲ್ಲಿ ನಿವೃತ್ತ ಮೇಷ್ಟರಾದ ಗಂಗಾಧರಪ್ಪನವರು, ತಂಗಿಯ ಪ್ರಶ್ನೆ ಉತ್ತಮವಾದುದು, ಆದರೆ ಸರಾಸರಿಯನ್ನು ಎಕ್ಸ್ ಬರೆದು ಮೇಲೆ ಗೆರೆ ಎಳೆದೇ ಸೂಚಿಸತಕ್ಕದ್ದು, ಅದಿಲ್ಲದೆ ಮುಂದೆ ಹೋಗಲಾಗದು ಎಂದು ಬರೆದರು. ಫೆಬ್ರವರಿಯಲ್ಲಿ ಕಳಸದ ಪರಮೇಶ್ವರಪ್ಪನವರು, ಕನ್ನಡದ ಪತ್ರಿಕೆಯಲ್ಲಿ ಎಕ್ಸಿಗೇನು ಕೆಲಸ, ‘ಸ’ ಎಂದು ಬರೆದರೆ ಸಾಲದೇ ಎಂದು ಕೆರಳಿದರು. ಅದೇ ಸಂಚಿಕೆಯಲ್ಲಿ ಅಚ್ಚುಮೊಳೆ ಜೋಡಿಸುವವರ ಕೈತಪ್ಪಿನಿಂದ ತಾವು ಅಕ್ಷರದ ತಲೆಯಿಂದ ಜಾರಿ ಕಾಲಡಿಗೆ ಬಿದ್ದಿರಿ. ಮಾರ್ಚ್ ಸಂಚಿಕೆಯ ಇಡೀ ಪುಟ ತಮ್ಮನ್ನು ಎತ್ತಿ ಕೂರಿಸುವುದಕ್ಕೇ ಸಂದಿತು. ಅಷ್ಟು ಜನ ಹಿರಿಯರು ಸೇರಿ ಒಬ್ಬರನ್ನು ಮೇಲೆತ್ತುವುದು ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ! ನನ್ನ ಪ್ರಶ್ನೆ ಮಾತ್ರ ಕಟ್ಟೆಯ ಕೆಳಗೇ ಕುಳಿತಿತ್ತು.

ನಿಕಾಹ್ ದಿನ ಬೆಳಿಗ್ಗೆ ಎಲೆ ಅಲುಗದ ಬಿಸಿಲು. ಕುದುರೆಮುಖದಿಂದ ಗಂಡಿನವರು ಬಂದಿಳಿದು ಶರಬತ್ತು ಕೈಗೆತ್ತಿಕೊಳ್ಳುವಷ್ಟರಲ್ಲಿ, ಇಡೀ ತಿಂಗಳು ಎಲ್ಲೋ ಬೀಳಬೇಕಿದ್ದ ಮೂರು ಮೂರು ಸೆಂಟುಗಳೆಲ್ಲ ದಾರಿಯಲ್ಲಿ ಒಟ್ಟುಗೂಡಿ, ನೆಂಟರಂತೆ ಒಂದೇ ಸಲಕ್ಕೆ ಅಂಗಳಕ್ಕೆ ಇಳಿದವು. ಬಣ್ಣದ ಬಟ್ಟೆಯ ಚಪ್ಪರ ಬಿರಿಯಾನಿಯ ಮೇಲೆ ಮಲಗಿತು. ಗಂಡಿನವರು ಗ್ಯಾರೇಜಿನೊಳಗೆ ನಿಂತಿದ್ದ ಲಾರಿಯನ್ನು ಹತ್ತಿದರು. ಒಪ್ಪಿಗೆ ಕೇಳಲು ಒಳಕೋಣೆಗೆ ಬಂದ ನಮ್ಮ ಮಾವ ಇಲಿಯಾಸರಿಗೂ ಇನ್ನಿಬ್ಬರು ಸಾಕ್ಷಿಗಳಿಗೂ, ತಗಡಿನ ಸೂರಿನ ಮೇಲೆ ಬೀಳುವ ಮಳೆಯಲ್ಲಿ ಅಕ್ಕನ ಪಿಸುಮಾತು ಕೇಳಿಸಲಿಲ್ಲ. ಕೇಳಿಸದ ಒಪ್ಪಿಗೆಗೆ ಸಾಕ್ಷಿ ಹೇಳುವುದು ಹೇಗೆ? ಎಷ್ಟು ಸಲ ಕೇಳಿದರೂ ಅದೇ ಪಾಡು. ಹುಡುಗಿಗೆ ಮನಸ್ಸಿಲ್ಲವೇನೋ ಎಂದು ಲಾರಿಯ ಮೇಲೆ ಗುಸುಗುಸು ಎದ್ದಿತು. ಆಗ, ಹಾಲಿನವನಿಗೂ ಬಾಗಿಲ ಮರೆಯಿಂದಲೇ ಉತ್ತರಿಸುವ ನಮ್ಮ ಅಕ್ಕ ಎದ್ದು ನಿಂತು ಕೂಗಿದಳು.

“ಒಪ್ಪಿದೆ ಅಂದೆನಲ್ಲ ಮಾವ, ಇನ್ನು ಎಷ್ಟು ಸಲ ಒಪ್ಪೂದು?”

ಲಾರಿಯ ಮೇಲೆ ಮೊದಲು ನಕ್ಕವನು ಮದುಮಗನೇ ಅಂತೆ. ನಿಕಾಹ್ ಆಯಿತು. ಸಂಜೆ ಏಕಾಂತಪ್ಪನವರು ಲಾಡುವಿನ ಬುಟ್ಟಿಯನ್ನೂ ಟಾರ್ಪಾಲನ್ನೂ ಒಟ್ಟಿಗೆ ತಂದು, ಎಂಬತ್ತೆಂಟು ಸೆಂಟು ಬಿತ್ತೆಂದು ನಾಚಿಕೊಂಡೇ ಹೇಳಿದರು.

ಆದುದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಅಷ್ಟು ಗಲಾಟೆಯ ನಡುವೆಯೂ ತಾವು ಎಕ್ಸನ್ನು ಒಂದು ಹನಿಯೂ ಸೋಕದಂತೆ ಕಾಪಾಡಿದ್ದೀರಿ. ದಯಮಾಡಿ ಇನ್ನು ಮುಂದೆ ಸ್ವಲ್ಪ ಅಗಲವಾಗಿ ಬೆಳೆದು, ಎರಡು ಕಡೆ ಇಳಿಜಾರು ಮಾಡಿಕೊಂಡು, ಕೊಟ್ಟಿಗೆಹಾರದ ಒಂದು ಅಂಗಳವನ್ನಾದರೂ ಮುಚ್ಚಬೇಕು. ಅದಾಗದಿದ್ದರೆ ತಿಂಗಳ ಮಳೆಗೆ ದಿನಕ್ಕೆ ಮೂರೇ ಸೆಂಟು ಬೀಳುವಂತೆ ಕಟ್ಟಪ್ಪಣೆ ಮಾಡಬೇಕು. ಮಳೆ ಕನ್ನಡದ ‘ಸ’ಗೆ ಬಗ್ಗುವುದೋ, ಇಂಗ್ಲಿಷಿನ ಎಕ್ಸಿಗೆ ಬಗ್ಗುವುದೋ, ಅದನ್ನು ಕಟ್ಟೆಯ ಹಿರಿಯರು ಇತ್ಯರ್ಥ ಮಾಡಿದ ಮೇಲೆಯೇ ಆದರೂ ಚಿಂತೆಯಿಲ್ಲ.

ತಮ್ಮ ಸೂರಿನ ಹೊರಗೆ ನಿಂತು ನೆನೆದ,
ತಮ್ಮ ವಿಶ್ವಾಸಿ,
ತಾಹಿರಾ

ತಾ.ಕ.: ಬರುವ ಮಾರ್ಚಿಗೆ ನನ್ನ ನಿಕಾಹ್ ಗೊತ್ತಾಗಿದೆ. ದಿನದ ಪಾಲು ಮೂರೇ ಸೆಂಟಾದ್ದರಿಂದ ಈ ಸಲದ ಎಂಬತ್ತೆಂಟರಲ್ಲೇ ಮುಂದಿನ ವರ್ಷದ್ದೂ ಸೇರಿ ಬಿದ್ದಿದೆ, ಭಯವಿಲ್ಲವೆಂದು ಅಬ್ಬ ಆಗಲೇ ಲೆಕ್ಕ ಹಾಕಿದ್ದಾರೆ. ಈ ಲೆಕ್ಕ ಸರಿಯೇ ಎಂಬ ಪ್ರಶ್ನೆಯನ್ನು ಕಟ್ಟೆಗೆ ಕಳಿಸಿ ಹಿರಿಯರಿಗೆ ತೊಂದರೆ ಕೊಡಲಿಲ್ಲ. ಏಕಾಂತಪ್ಪನವರ ಎದುರಿಗೇ ಹೋಗಿ ನಿಂತು, ಟಾರ್ಪಾಲು ಕೇಳಿ ಬಂದಿದ್ದೇನೆ.