ಬಿಸ್ಕೆಟ್‌ನ ತೂಕ ಇಳಿಸಿದ್ದು

ಎಲ್ಲ ಅನರ್ಥಕ್ಕೂ ಮೂಲ ಹಿಂದಿನ ದಿನ ಉಳಿದ ಪ್ಯಾನ್‌ಕೇಕ್. ಚೆಲ್ಲಲು ಮನಸ್ಸು ಬಾರದೆ ಲೈಲ್ ಬ್ರೂಬೇಕರ್ ಅಷ್ಟನ್ನೂ ಮಗಳು ಸಾಕಿದ, ಬಿಸ್ಕೆಟ್ ಎಂಬ ಹೆಸರಿನ ಹಂದಿಗೆ ಸುರಿದಿದ್ದ. ಬೆಳಗ್ಗೆ ಅಮೆರಿಕದ ಅಯೋವಾದ ಜಾನುವಾರು ಮೇಳದಲ್ಲಿ ಬಿಸ್ಕೆಟ್ ತಕ್ಕಡಿ ಹತ್ತಿತು. ಮಿತಿ ಮುನ್ನೂರು ಪೌಂಡ್. ಮುಳ್ಳು ಅದನ್ನು ದಾಟಿ ನಿಂತಿತು.

"ಇದು ಹರಾಜಿಗೆ ಆಗಲ್ಲಪ್ಪಾ," ಎಂದ ತೂಕ ಹಾಕುವ ಹಾರ್ಲನ್. "ಮಧ್ಯಾಹ್ನ ಇನ್ನೊಂದ್ಸಲ ತೂಗ್ತೀನಿ. ಆಗ್ಲೂ ಜಾಸ್ತಿ ಇದ್ರೆ ಮನೆಗೆ ಕರ್ಕೊಂಡ್ ಹೋಗು."

ಮನೆಗಾ? ಲೈಲ್ ಹಣೆ ಚಚ್ಚಿಕೊಂಡ. ಮಗಳು ಕೆಲ್ಸಿ ಮೇಳಕ್ಕೆ ಹಂದಿ ಸಾಕಲು ಶುರು ಮಾಡಿ ಒಂಬತ್ತು ವರ್ಷ. ಒಂದು ಬೇಸಿಗೆಯಲ್ಲೂ ಮನೆಯವರು ಊರು ಬಿಟ್ಟಿರಲಿಲ್ಲ. ಹಂದಿಗೆ ಸ್ನಾನ, ಹಂದಿಗೆ ಫ್ಯಾನು, ಹಂದಿಗೆ ಸಂಜೆಯ ವಾಕಿಂಗು! ಕೆಲ್ಸಿಗೆ ಹದಿನೆಂಟಾಗಿದೆ, ಮೇಳದ ನಿಯಮದಂತೆ ಇದೇ ಕೊನೆಯ ವರ್ಷ. ಬಿಸ್ಕೆಟ್ ಇವತ್ತು ಮಾರಾಟವಾದರೆ ನಾಳೆಯೇ ಸರೋವರ, ದೋಣಿ, ಗಾಳ, ಮೀನು.

"ಪ್ಯಾನ್‌ಕೇಕ್ ತಿನ್ಸಿದ್ದು ಯಾರು? ನೀನೇ ಓಡಾಡ್ಸಪ್ಪಾ," ಎಂದು ಕೆಲ್ಸಿ ಅಪ್ಪನ ಕೈಗೆ ಕೋಲು ಕೊಟ್ಟಳು.

ಬಿಸ್ಕೆಟ್ ನಾಲ್ಕು ಹೆಜ್ಜೆ ನಡೆದು, ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರಂತೆ ಕೂತುಬಿಡುತ್ತಿತ್ತು. "ಏಳೋ ನನ್ನ ರಾಜಾ, ಏಳೋ ಬಂಗಾರ," ಎಂದು ಲೈಲ್ ಗೋಗರೆದ. ಪಕ್ಕದ ಕೊಟ್ಟಿಗೆಯಲ್ಲಿ ತನ್ನ ಹಂದಿ ಕೂಡಿದ್ದ ಟ್ರೂಡಿ ಓಡಿ ಬಂದು, "ಪಾಪ, ಮುಖ ಬಾಡೋಗಿದೆ," ಎಂದು ಹಂದಿಯ ಬಾಯಿಗೆ ಮಿಠಾಯಿ ಇಟ್ಟಳು.

"ಟ್ರೂಡಕ್ಕಾ, ತಿನ್ನಿಸ್ಬೇಡಿ!"

"ಒಂದ್ ತಿಂದ್ರೆ ಏನಾಗತ್ತೋ? ನೀನೂ ತಗೋ."

ಅವಳ ಗಂಡ ಸಲಹೆ ಕೊಟ್ಟ: "ಹಾಡು ಹೇಳ್ ನೋಡು. ನಮ್ ಹಂದಿ ಹಾಡಿಗೇ ಏಳೋದು."

ಬೇರೆ ದಾರಿಯಿಲ್ಲದೆ ಲೈಲ್ ತನಗೆ ಬರುತ್ತಿದ್ದ ಒಂದೇ ಒಂದು ಲಾಲಿ ಹಾಡು ಎತ್ತಿಕೊಂಡ. ಬಿಸ್ಕೆಟ್ ಎದ್ದು ಹಿಂದೆಯೇ ಬಂತು. ಹಾಡು ನಿಲ್ಲಿಸಿದರೆ ಅದೂ ಕೂತಿತು. ಹೀಗೆ ಮೇಳವಿಡೀ ಸುತ್ತು. ತೂಕ ಇಳಿಯುತ್ತಿದ್ದುದು ಲೈಲ್‌ನದು.

ಮೇವಿನಂಗಡಿಯ ವರ್ನಾ ಅಜ್ಜಿ ನಿಂಬೆ ಪಾನಕ ಹೀರುತ್ತ ಬೆಂಚಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. "ಅದನ್ ಕಂಡ್ರೆ ಅಷ್ಟೊಂದ್ ಜೀವಾನೇನೋ ಲೈಲ್?"

ಲೈಲ್‌ಗೆ ಉಸಿರೇ ಇರಲಿಲ್ಲ. ಎದೆ ಮೇಲೆ ಕೈಯಿಟ್ಟು ತಲೆಯಾಡಿಸಿದ. ಕಣ್ಣಿಗಿಳಿದ ಬೆವರು ಕೆನ್ನೆ ಮೇಲೆ ಹರಿಯಿತು. ಅಜ್ಜಿ ಕರ್ಚೀಫು ತೆಗೆದು ತನ್ನ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ತಕ್ಕಡಿಯ ಮುಂದೆ ನಿಂತ ಬಿಸ್ಕೆಟ್ ಏನೋ ಯೋಚಿಸಿ ಬಾಲವೆತ್ತಿತು. ಸಮಸ್ತವೂ ಲೈಲ್‌ನ ಹೊಸ ಬೂಟಿನ ಮೇಲೆ. ಆಮೇಲೆ ಹಗುರಾಗಿ ತಕ್ಕಡಿ ಹತ್ತಿತು.

"ಸರಿಯಾಗಿ ಮುನ್ನೂರು!" ಹಾರ್ಲನ್ ಕೂಗಿದ. "ನಿನ್ ಬೂಟು ಪುಣ್ಯ ಮಾಡಿತ್ತು ಬಿಡಯ್ಯಾ."

ಸಂಜೆ ಹರಾಜಿನಲ್ಲಿ ವರ್ನಾ ಅಜ್ಜಿ ಎತ್ತಿದ ಕೈ ಇಳಿಸಲೇ ಇಲ್ಲ. ಸುತ್ತಿಗೆ ಬಿತ್ತು. ಬಿಸ್ಕೆಟ್ ಮಾರಾಟವಾಯಿತು! ಲೈಲ್ ಹೆಂಡತಿ ಡಾರ್ಲಾಳನ್ನು ತಬ್ಬಿ, "ದೋಣಿ ಕಣೇ, ದೋಣಿ!" ಎಂದ.

ಅಷ್ಟರಲ್ಲಿ ಅಜ್ಜಿ ಮೈಕು ಇಸಕೊಂಡಳು. "ಕೊಂಡೋರು ಬೇಕಾದ್ರೆ ವಾಪಸ್ ಕೊಡಬಹುದು, ಇದು ನಮ್ ಮೇಳದ ಪದ್ಧತಿ. ಇಷ್ಟ್ ವರ್ಷದಲ್ಲಿ ಹಂದಿಗೆ ಲಾಲಿ ಹಾಡಿದೋನ್ನ ನಾನ್ ನೋಡಿರ್ಲಿಲ್ಲ. ಪಾಪ, ಅಳ್ತಾ ಇದ್ದ! ಇದನ್ನ ಕಟುಕರ ಹತ್ರ ಕಳ್ಸೋಕೆ ನಂಗ್ ಮನಸ್ಸಿಲ್ಲ. ದುಡ್ಡು ಕೆಲ್ಸಿಗೆ, ಬಿಸ್ಕೆಟ್ ಲೈಲ್‌ಗೆ! ಸಾಯೋವರೆಗೂ ಇಟ್ಕೊಳ್ಳಪ್ಪಾ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲೈಲ್‌ನ ಕಣ್ಣಲ್ಲಿ ನೀರು ಬಂತು. ಈ ಸಲ ಬೆವರಲ್ಲ.

"ನೋಡಿ, ಮತ್ತೆ ಅಳ್ತಿದಾನೆ!" ಎಂದಳು ಅಜ್ಜಿ.

ಮರುದಿನ ಕಾರು ಸರೋವರಕ್ಕೆ ಹೊರಟಿತು. "ಹಂದಿ ನೋಡ್ಕೊಳಕ್ಕೆ ಯಾರಾದ್ರೂ ಇರ್ಬೇಕಲ್ಲಪ್ಪಾ," ಎಂದು ಕೆಲ್ಸಿ ಕಿಟಕಿಯಿಂದ ಕೈ ಬೀಸಿದಳು. "ಪ್ಯಾನ್‌ಕೇಕ್ ಹಿಟ್ಟು ಫ್ರಿಜ್ಜಲ್ಲಿದೆ!" ಎಂದಳು ಡಾರ್ಲಾ.

ಬಿಸ್ಕೆಟ್ ಗೇಟಿಗೆ ಅಡ್ಡಲಾಗಿ ಕೂತಿತ್ತು. ಲೈಲ್ ಆ ಕಡೆ ಈ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಲಾಲಿ ಶುರು ಮಾಡಿದ.